ಗಟ್ಟಿಮೇಳ ತಾಳಿಗೆ ಕೂಡಿತು: ಮದುವೆ ಡಿವಿಡಿ ಪರಿವರ್ತನೆಯಲ್ಲಿ ನನ್ನ ಅನುಭವ

ಹಳೇ ಮದುವೆ ಡಿವಿಡಿಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಸ್ಟುಡಿಯೋದವರೆಲ್ಲ ಕಂಡಿರುವ ತೊಂದರೆ ಇದು. ಗಣಪತಿ ಪೂಜೆಯಲ್ಲಿ ಸರಿಯಿದ್ದ ಸೌಂಡು ಮುಹೂರ್ತದ ಹೊತ್ತಿಗೆ ಹಿಂದೆ ಬೀಳುತ್ತದೆ. ತಾಳಿ ಕಟ್ಟಿ ಅಕ್ಷತೆ ಬಿದ್ದಮೇಲೆ ಗಟ್ಟಿಮೇಳ! 'ಹಳೇ ಡಿಸ್ಕು, ಅಷ್ಟೇ ಬಿಡಿ' ಎಂದು ನಮ್ಮ ಕಡೆಯ ಹಿರಿಯ ಎಡಿಟರ್‌ಗಳು ಕೈಬಿಟ್ಟಿದ್ದರು. ನಾನು ಬಿಡಲಿಲ್ಲ.

ಮೊದಲು ಟೈಮ್‌ಲೈನಿನಲ್ಲಿ ಆಡಿಯೋ ಎಳೆದು ಕೂಡಿಸಿದೆ. ಧಾರೆಗೆ ಕೂಡಿದರೆ ಆರತಕ್ಷತೆಯಲ್ಲಿ ತಪ್ಪುತ್ತಿತ್ತು. ಸುಮಾರು ಎರಡೂವರೆ ಸಾವಿರ ಕೊಟ್ಟು ಒಂದು ಕನ್ವರ್ಟರ್ ತಂದೆ, ಅದರಲ್ಲೂ ಅದೇ ಕಥೆ. ಡಿಸ್ಕಿಗೆ 200 ರೂಪಾಯಿ ತಗೊಂಡು ಅರ್ಧ ದಿನ ಕೂತರೆ ಕರೆಂಟ್ ಬಿಲ್ಲೂ ಗಿಟ್ಟುವುದಿಲ್ಲ.

ತಪ್ಪಿದ್ದದ್ದು ಡಿಸ್ಕಿನಲ್ಲಿ ಚಿತ್ರ, ಸೌಂಡು ಇರುವ ವಿಒಬಿ ಫೈಲುಗಳನ್ನು ನೇರವಾಗಿ ಒಂದಕ್ಕೊಂದು ಅಂಟಿಸುವುದರಲ್ಲಿ. ಡಿವಿಡಿ ಮಾಡುವಾಗ ಪೂಜೆ, ಧಾರೆ, ಆರತಕ್ಷತೆ ಬೇರೆ ಬೇರೆ ಕ್ಲಿಪ್ಪಾಗಿ ಹೋಗಿರುತ್ತವೆ, ಒಂದೊಂದರಲ್ಲೂ ಟೈಮ್‌ಸ್ಟ್ಯಾಂಪ್ (ಯಾವ ಚಿತ್ರ, ಸೌಂಡು ಯಾವಾಗ ಬರಬೇಕೆಂಬ ಗುರುತು) ಹೊಸದಾಗಿ ಶುರುವಾಗಿರುತ್ತದೆ. ಅವುಗಳ ಕ್ರಮ ಇರುವುದು ಡಿಸ್ಕಿನ ಐಎಫ್‌ಒ ಎಂಬ ಸೂಚಿ ಫೈಲಿನಲ್ಲಿ. ಹಾಗಾಗಿ ಈಗ ವಿಒಬಿ ಮುಟ್ಟುವುದೇ ಇಲ್ಲ. ಮೇಕ್‌ಎಂಕೆವಿ ಎಂಬ ಸಾಫ್ಟ್‌ವೇರಿನಲ್ಲಿ ಇಡೀ ಟೈಟಲ್ (ಪೂರ್ತಿ ವಿಡಿಯೋ) ಆ ಕ್ರಮದಲ್ಲೇ ತೆಗೆದು, ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಎಚ್‌.264 ವಿಡಿಯೋ ಮಾದರಿಗೆ ಬದಲಿಸುತ್ತೇನೆ, ಆಡಿಯೋಗೆ ಅಸಿಂಕ್ ರೀಸ್ಯಾಂಪಲ್ (ಸೌಂಡನ್ನು ಟೈಮ್‌ಸ್ಟ್ಯಾಂಪಿಗೆ ಹೊಂದಿಸುವ ಆಯ್ಕೆ) ಹಾಕಿ. ಎರಡೂವರೆ ಗಂಟೆಯ ಮದುವೆ ಕೊನೆವರೆಗೂ ಕೂಡಿಕೊಂಡೇ ಹೋಗುತ್ತದೆ.

ಟಿವಿಯ ಕಾಟ ಬೇರೆ. ಕೆಲವು ಟಿವಿಗಳು ಯುಎಸ್‌ಬಿಯಿಂದ ಎಸಿ3 (ಡಿವಿಡಿಯ ಡಾಲ್ಬಿ ಸೌಂಡು) ಓದುವುದಿಲ್ಲ, ಚಿತ್ರ ಬಂದು ಸೌಂಡ್ ಬರುವುದಿಲ್ಲ; ಎಎಸಿ ಎಂಬ ಸೌಂಡ್ ಮಾದರಿಗೆ, ಸ್ಟೀರಿಯೋ ಆಗಿ ಬದಲಿಸಿದರೆ ಮುಗಿಯಿತು. ಡಿವಿಡಿಯ ಚಿತ್ರದ ಅಳತೆ 720x576ನ್ನು ಹಾಗೇ ಬಿಟ್ಟರೆ ಮುಖ ಎಳೆದಂತೆ ಕಾಣಬಹುದು, 4:3 ಆಕಾರದ (ಹಳೇ ಟಿವಿಯ ಚೌಕದಂಥ) ಚಿತ್ರ ಇದ್ದರೆ 768x576 ಮಾಡಿಬಿಡಿ. ಇಂಟರ್‌ಲೇಸ್ (ಒಂದು ಫ್ರೇಮನ್ನು ಬೆಸ-ಸಮ ಗೆರೆಗಳ ಎರಡು ಫೀಲ್ಡಾಗಿ ತೆಗೆಯುವ ಕ್ರಮ) ಗೆರೆಗೆ ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯುಡಿಐಎಫ್ ಫಿಲ್ಟರ್, ಸೆಕೆಂಡಿಗೆ 50 ಫ್ರೇಮ್. ಮಿನಿ ಡಿವಿ ಕ್ಯಾಮೆರಾದಲ್ಲಿ ತೆಗೆದದ್ದಾದರೆ ಫೀಲ್ಡ್ ಆರ್ಡರ್ (ಯಾವ ಫೀಲ್ಡ್ ಮೊದಲು ಎಂಬುದು) ಬಾಟಮ್ ಫಸ್ಟ್, ಅಂದರೆ ಕೆಳಗಿನದು ಮೊದಲು, ಇರಬಹುದು. ಅದು ತಿರುಗುಮುರುಗಾದರೆ ಮೆರವಣಿಗೆಯಲ್ಲಿ ಕುಣಿಯುವವರೆಲ್ಲ ನಡುಗುತ್ತಾರೆ.

ನಡುವೆ ಎಚ್‌.264ರ ನಂತರ ಬಂದ ಎಚ್‌ಇವಿಸಿ ಮಾದರಿಯನ್ನೂ ನೋಡಿದೆ. ಫೈಲು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಆದರೆ ಹಳೇ ಟಿವಿಗಳು ತೆರೆಯಲೇ ಇಲ್ಲ. 1080ಕ್ಕೆ ಹಿಗ್ಗಿಸಿದ್ದು ಬರೀ ಜಾಗಕ್ಕೆ ದಂಡ, ಸೀರೆಯ ಜರಿಯೇನೂ ಹೆಚ್ಚು ಕಾಣಲಿಲ್ಲ.

ಗೀರುಬಿದ್ದ ಡಿಸ್ಕನ್ನು ಓದಿಸುವ ವಿಧಾನ ಮಾತ್ರ ಇಲ್ಲಿ ಬರೆಯುವುದಿಲ್ಲ, ನನ್ನ ಸಂಪಾದನೆ ಇರುವುದೇ ಅದರಲ್ಲಿ. ಈಗ ಡಿಸ್ಕಿಗೆ 350 ತಗೊಳ್ಳುತ್ತೇನೆ, ಕೈಬಿಟ್ಟಿದ್ದ ಆ ಎಡಿಟರ್‌ಗಳೇ ಗಿರಾಕಿಗಳನ್ನು ಕಳಿಸುತ್ತಾರೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಿನಲ್ಲೇ ಕೊಡಿ, ಎಕ್ಸ್‌ಫ್ಯಾಟ್ ಫಾರ್ಮ್ಯಾಟು ಎಷ್ಟೋ ಹಳೇ ಟಿವಿಗಳಿಗೆ ಕಾಣುವುದಿಲ್ಲ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ, ಅದು ದಾಟಿದರೆ ಆರತಕ್ಷತೆ ಶುರುವಾಗುವಲ್ಲಿ ಕತ್ತರಿಸಿ.