ಸೈಕಲ್ ಕೌಂಟರ್ ಸಿಗದಿದ್ದಾಗ ಬೆಂಚ್‌ಮಾರ್ಕ್ ಕ್ರ್ಯಾಶ್ ಆಗದಿರಲು

ರಾಸ್ಪ್‌ಬೆರಿ ಪೈ 4ರಂಥ ಆರ್ಮ್ ಬೋರ್ಡ್‌ನಲ್ಲಿ, ಲಿನಕ್ಸ್ ಮೇಲೆ ಅಸೆಂಬ್ಲಿ ಕೋಡ್‌ನ ವೇಗ ಅಳೆಯುವವರಿಗೆ (ಅಂದರೆ ಬೆಂಚ್‌ಮಾರ್ಕ್ ಮಾಡುವವರಿಗೆ) ಒಂದು ಸಲಹೆ. ಸಿಪಿಯುನ ಕ್ಲಾಕ್ ಸೈಕಲ್‌ಗಳನ್ನು ಎಣಿಸುವ ಸೈಕಲ್ ಕೌಂಟರನ್ನು ನೇರವಾಗಿ ಓದಲು ಹೋಗಬೇಡಿ. ಕರ್ನಲ್‌ನ (ಲಿನಕ್ಸ್‌ನ ತಿರುಳು) ಅನುಮತಿ ಇಲ್ಲದಿದ್ದರೆ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತದೆ.

ಮೊದಲು ಪರ್ಫ್ (ಲಿನಕ್ಸ್‌ನ ವೇಗ ಅಳೆಯುವ ಸೌಲಭ್ಯ) ಸಿಸ್ಟಂ ಕಾಲ್ ಮೂಲಕ ಸೈಕಲ್ ಎಣಿಕೆಯನ್ನು ಕರ್ನಲ್‌ನಿಂದ ಕೇಳಿ. ಕರ್ನಲ್ ಒಳಗಿನ ಸೈಕಲ್ ಬೇಡ ಅಂದರೆ ರೂಟ್ (ಅಡ್ಮಿನ್) ಅಧಿಕಾರ ಇಲ್ಲದೆಯೂ ಎಷ್ಟೋ ಕಡೆ ಸಿಗುತ್ತದೆ. ವರ್ಚುವಲ್ ಮಷಿನ್, ಕಂಟೇನರ್‌ಗಳಲ್ಲಿ ಸಿಗದೇ ಇರಬಹುದು. ಎರರ್ ಬಂದರೆ ಮಾನೊಟಾನಿಕ್ ಕ್ಲಾಕ್ (ಎಂದೂ ಹಿಂದಕ್ಕೆ ಹೋಗದ ಸಿಸ್ಟಂ ಗಡಿಯಾರ) ಬಳಸಿ.

ಆದರೆ ಅದು ಅಷ್ಟು ಸೂಕ್ಷ್ಮ ಅಲ್ಲ. ಪೈ 4ರಲ್ಲಿ ಅದರ ಹಿಂದಿರುವ ಟೈಮರ್ 54 ಮೆಗಾಹರ್ಟ್ಜ್. ಒಂದು ಟಿಕ್‌ಗೆ ಸುಮಾರು 18.5 ನ್ಯಾನೊಸೆಕೆಂಡ್. 1.5 ಗಿಗಾಹರ್ಟ್ಜ್‌ನಲ್ಲಿ ಅಷ್ಟು ಹೊತ್ತಿಗೆ ಸುಮಾರು 28 ಸೈಕಲ್ ಕಳೆದಿರುತ್ತವೆ! ಹತ್ತು ಸೈಕಲ್‌ನ ಫಂಕ್ಷನ್ ಒಂದೇ ಸಲ ಓಡಿಸಿದರೆ ಬರುವ ಸಂಖ್ಯೆಯನ್ನು ನಂಬುವಂತಿಲ್ಲ, ಅಲ್ವಾ? ಲಕ್ಷ ಸಲ ಓಡಿಸಿ ಭಾಗಿಸಿ.

ಯಾವ ಟೈಮರ್, ಯಾವ ಘಟಕ ಅಂತ ಫಲಿತಾಂಶದ ಪಕ್ಕದಲ್ಲೇ ತೋರಿಸಿ. ನ್ಯಾನೊಸೆಕೆಂಡನ್ನು ಸುಮ್ನೆ ಗುಣಿಸಿ ಸೈಕಲ್ ಮಾಡಬೇಡಿ, ಕರ್ನಲ್‌ನಲ್ಲಿ ಸಿಪಿಯು ವೇಗ ನಿಯಂತ್ರಿಸುವ ಗವರ್ನರ್ ಮಧ್ಯದಲ್ಲೇ ಅದನ್ನು ಬದಲಿಸಿರಬಹುದು. ಯಾವ ಟೈಮರೂ ಸಿಗದಿದ್ದರೆ 0 ಬದಲು 'ಅಳೆದಿಲ್ಲ' ಅಂತ ಪ್ರಿಂಟ್ ಮಾಡಿ, ಉತ್ತರ ಸರಿಯೇ ಅಂತ ನೋಡುವ ಟೆಸ್ಟ್‌ಗಳನ್ನು ಮಾತ್ರ ಮುಂದುವರಿಸಿ.