ಪತ್ತನಾಜೆಗೆ ಮೊದಲು ಮನೆಗೊಂದು ಸುತ್ತು

ಉಡುಪಿಯ ಹೊರವಲಯದಲ್ಲಿ ನಾವು ಮನೆ ಕಟ್ಟಿಸಿ 38 ವರ್ಷಗಳಾದವು. ಮುಂಭಾಗಕ್ಕೆ ತಾರಸಿ, ಹಿಂಭಾಗದ ಅಡುಗೆಮನೆ, ಬಚ್ಚಲು ಮತ್ತು ಸೌದೆ ಕೊಟ್ಟಿಗೆಗೆ ಹಂಚಿನ ಮಾಡು. ಮನೆ ಒಕ್ಕಲಿನ (ಗೃಹಪ್ರವೇಶದ) ದಿನ ಬಂದ ನೆಂಟರಲ್ಲಿ ಹಲವರು ಬಾಗಿಲಿನ ಬೀಗ ಎಳೆದು ನೋಡಿದರು, ಕಿಟಕಿಯ ಸರಳು ಅಲ್ಲಾಡಿಸಿ ನೋಡಿದರು. ತಾರಸಿಯ ನೀರು ಯಾವ ಕಡೆಯಿಂದ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ ಕಳ್ಳ ನಮ್ಮಲ್ಲಿಗೆ ಬಂದದ್ದು ಒಂದೇ ಸಲ, ಅದೂ ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯ ಆಸೆಗೆ. ನೀರಾದರೋ ತಪ್ಪದೆ ಪ್ರತಿವರ್ಷ ಬಂದಿದೆ. ರಿಪೇರಿಗೆಂದು ಕೈಬಿಟ್ಟ ಹಣವನ್ನು ಲೆಕ್ಕ ಹಾಕಿದರೆ ಮೊದಲ ಪಾಲು ನೀರಿನದು, ಎರಡನೆಯದು ಗೆದ್ದಲಿನದು, ಮೂರನೆಯದು ಸಿಡಿಲಿನದು. ಹೊಸದಾಗಿ ಮನೆ ಮಾಡಿಕೊಂಡ ಮಕ್ಕಳು ನನ್ನಲ್ಲಿ ಸಲಹೆ ಕೇಳಿದಾಗ ನಾನು ಹೇಳುವುದೂ ಇದೇ ಕ್ರಮದಲ್ಲಿ.

ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ ಬರುತ್ತದೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಮನೆಯ ಮಳೆಗಾಲದ ಕೆಲಸಗಳಿಗೂ ಅದೇ ಗಡುವು ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಜೂನ್ ಬರಲಿ, ನೋಡೋಣ ಎಂದು ಕುಳಿತವರಿಗೆ 2018ರ ಮೇ 29ರಂದು ಮಂಗಳೂರಿನ ರಸ್ತೆಗಳಲ್ಲಿ ಸೊಂಟದ ಮಟ್ಟಕ್ಕೆ ನಿಂತ ನೀರು ನೆನಪಿರಬೇಕು; ಮಳೆಗಾಲ ಮುಗಿಯಿತೆಂದು ನಿಶ್ಚಿಂತರಾದವರಿಗೆ 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಸ್ವರ್ಣಾ ನದಿ ಉಕ್ಕಿ ಮನೆಗಳೊಳಗೆ ನುಗ್ಗಿದ್ದು ನೆನಪಿರಬೇಕು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ಈ ಸಂಖ್ಯೆಯನ್ನು ನಿಮ್ಮ ಮಾಡಿಗೆ ಇಳಿಸಿ ನೋಡಿ. ನೂರು ಚದರ ಮೀಟರಿನ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ನೂರು ಲೀಟರ್ ನೀರು. ಆಟಿ ತಿಂಗಳ, ಅಂದರೆ ಜುಲೈ ಆಗಸ್ಟ್ ನಡುವಿನ, ಒಂದು ಜೋರು ದಿನದಲ್ಲಿ 150 ಮಿಲಿಮೀಟರ್ ಸುರಿದರೆ 15,000 ಲೀಟರ್ ನೀರು ನಿಮ್ಮ ತಾರಸಿಯಿಂದ ಎರಡೋ ಮೂರೋ ಪೈಪುಗಳ ಮೂಲಕ ಇಳಿದು ಹೋಗಬೇಕು. ಒಂದು ವರ್ಷ ಆ ಪೈಪಿನ ಬಾಯಿಗೆ ಒಂದೇ ಒಂದು ಹಲಸಿನ ಎಲೆ ಬಂದು ಮುಚ್ಚಳದಂತೆ ಅಂಟಿ ಕುಳಿತಿತು. ಅದರ ಮೇಲೆ ತೆಂಗಿನ ಹೂವು, ಅದರ ಮೇಲೆ ಪಾಚಿ. ರಾತ್ರಿ ಕಳೆಯುವಷ್ಟರಲ್ಲಿ ತಾರಸಿಯಲ್ಲಿ ಗೇಣುದ್ದ ನೀರು ನಿಂತು, ಎಲ್ಲೋ ಇದ್ದ ಕೂದಲೆಳೆಯಷ್ಟು ಬಿರುಕನ್ನು ಹುಡುಕಿಕೊಂಡು ಮಲಗುವ ಕೋಣೆಯ ಫ್ಯಾನಿನ ಬುಡದಿಂದ ತೊಟ್ಟಿಕ್ಕತೊಡಗಿತು. ಎಲೆಯನ್ನು ಎತ್ತಿ ಬಿಸಾಡಲು ಒಂದು ನಿಮಿಷ ಸಾಕಾಯಿತು. ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಗಾರೆ ಉದುರಿದ್ದನ್ನು ಸರಿಪಡಿಸಲು ಎರಡು ಬೇಸಿಗೆ ಹಿಡಿಯಿತು. ಪ್ರತಿ ಪೈಪಿನ ಬಾಯಿಗೂ ಗುಮ್ಮಟದಂತೆ ಮೇಲೆದ್ದಿರುವ ಜಾಲರಿಯನ್ನು ಹಾಕಿಸಿ, ಏಕೆಂದರೆ ಚಪ್ಪಟೆ ಜಾಲರಿಯನ್ನು ಎಲೆ ಸುಲಭವಾಗಿ ಮುಚ್ಚಿಬಿಡುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೊಡೆ ಹಿಡಿದಾದರೂ ತಾರಸಿಗೆ ಹೋಗಿ ಬನ್ನಿ.

ಹಂಚಿನ ಮಾಡಿನ ಸೂಕ್ಷ್ಮ ಬೇರೆಯೇ. ಒಂದು ಹಂಚು ಎರಡು ಬೆರಳು ಜಾರಿದರೆ ನೀರು ನೆಲಕ್ಕೆ ಬೀಳದೆ ಹಂಚನ್ನು ಹೊತ್ತ ಮರದ ರೀಪು, ಪಕ್ಕಾಸುಗಳ ಗುಂಟ ಹರಿದು ಗೋಡೆಯನ್ನು ಸೇರುತ್ತದೆ. ಆದ್ದರಿಂದ ಒದ್ದೆ ಕಾಣುವ ಜಾಗದ ನೇರ ಮೇಲೆ ಹುಡುಕಿದರೆ ಸೋರುವ ಹಂಚು ಸಿಗುವುದಿಲ್ಲ. ಬಿಸಿಲಿನ ದಿನ ಕೋಣೆಯ ಬಾಗಿಲು ಕಿಟಕಿಗಳನ್ನು ಮುಚ್ಚಿ ಕತ್ತಲು ಮಾಡಿಕೊಂಡು ಮೇಲೆ ನೋಡಿದರೆ, ಬಿರಿದ ಹಂಚಿನ ಜಾಗದಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಮಾಡಿನ ನೆತ್ತಿಯ ಸಿಮೆಂಟು ಬಿರಿದಿದೆಯೇ, ಸೂರಿನ ನೀರು ಹಿಡಿಯುವ ದಂಬೆಯಲ್ಲಿ ಕಸ ತುಂಬಿದೆಯೇ ಎಂಬುದನ್ನು ಹಂಚು ಒಣಗಿರುವಾಗಲೇ ನೋಡಿಸಬೇಕು. ಪಾಚಿ ಕಟ್ಟಿದ ಒದ್ದೆ ಹಂಚಿನ ಮೇಲೆ ಯಾರನ್ನೂ ಹತ್ತಿಸಬಾರದು, ನೀವಂತೂ ಹತ್ತಲೇಬಾರದು. ಹತ್ತಿಪ್ಪತ್ತು ಹಂಚುಗಳನ್ನು ಮೊದಲೇ ತಂದು ಕೊಟ್ಟಿಗೆಯಲ್ಲಿ ಒರಗಿಸಿಟ್ಟುಕೊಳ್ಳಿ. ಹಳೆಯ ಅಚ್ಚಿನ ಹಂಚಿಗೆ ಬೇರೆ ಕಾರ್ಖಾನೆಯ ಹಂಚು ಕೂಡುವುದಿಲ್ಲ, ಮಳೆಯ ನಡುವೆ ಹುಡುಕಿಕೊಂಡು ಹೋದರೆ ಸಿಗುವುದೂ ಇಲ್ಲ.

ಮಾಡಿನಿಂದ ಇಳಿದ ನೀರು ಅಂಗಳದಲ್ಲಿ ನಿಲ್ಲದೆ ಕಣಿಯ (ಚರಂಡಿಯ) ಮೂಲಕ ತೋಡು (ಹಳ್ಳ) ಸೇರಬೇಕು. ಹೊಸ ಮನೆಗಳಲ್ಲಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ಕಣಿಯನ್ನು ಮುಚ್ಚಿ, ನಂತರ ಪಂಚಾಯತಿಯನ್ನು ದೂರುವವರನ್ನು ನಾನು ನೋಡುತ್ತಲೇ ಇದ್ದೇನೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಗುಡ್ಡವನ್ನು ನೇರ ಕಡಿದು ಅದರ ಬುಡದಲ್ಲಿ ಮನೆ ಕಟ್ಟುವುದು ಮತ್ತು ಎತ್ತರದ ಜಾಗದವರು ಮಣ್ಣು ತುಂಬಿ ಆವರಣ ಗೋಡೆ ಎಬ್ಬಿಸುವುದು. 2024ರ ಜೂನ್ ಕೊನೆಯಲ್ಲಿ ಉಳ್ಳಾಲದ ಬಳಿಯ ಕುತ್ತಾರಿನಲ್ಲಿ ಪಕ್ಕದ ಜಾಗದ ಗೋಡೆ ಕುಸಿದು, ಮನೆಯೊಳಗಿದ್ದ ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ನಮ್ಮದೇ ಹಿತ್ತಿಲಿನ ಗೋಡೆ ಒಮ್ಮೆ ಹೊಟ್ಟೆ ಉಬ್ಬಿದಂತೆ ಹೊರಕ್ಕೆ ಬಾಗಿದಾಗ ಮೇಸ್ತ್ರಿ ಬಂದು ಅಂಗೈಯಿಂದ ತಟ್ಟಿ ನೋಡಿ, “ಅಮ್ಮಾ, ಇದರ ಹಿಂದೆ ನೀರು ತುಂಬಿದೆ, ಹೊರಗೆ ಬರಲಿಕ್ಕೆ ಒಂದು ತೂತೂ ಇಟ್ಟಿಲ್ಲವಲ್ಲ” ಎಂದು ಹೇಳಿದ್ದರು. ಮಣ್ಣನ್ನು ತಡೆದು ನಿಂತಿರುವ ಗೋಡೆಗೆ ಸುಮಾರು ಒಂದೂವರೆ ಮೀಟರಿಗೆ ಒಂದರಂತೆ ಪೈಪಿನ ತೂತುಗಳಿರಬೇಕು, ಹಿಂದುಗಡೆ ಜಲ್ಲಿ ತುಂಬಿರಬೇಕು, ಆ ತೂತುಗಳಿಂದ ಮಳೆಗಾಲದಲ್ಲಿ ನೀರು ಬರುತ್ತಿದೆಯೇ ಎಂದು ನೋಡುತ್ತಿರಬೇಕು. ಬರೆಯ, ಅಂದರೆ ಕಡಿದ ಗುಡ್ಡದ ಬದಿಯ, ಮೇಲ್ಭಾಗದ ನೆಲದಲ್ಲಿ ಅಂಚಿಗೆ ಸಮನಾಗಿ ಬಿರುಕು ಮೂಡಿದರೆ, ಮರಗಳು ವಾಲಿದರೆ, ತಿಳಿಯಾಗಿ ಹರಿಯುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾದರೆ ಅಥವಾ ನಿಂತುಹೋದರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಜಾಗದ ತಕರಾರು, ನೆರೆಯವರೊಡನೆ ದಾಕ್ಷಿಣ್ಯ ಎಲ್ಲವನ್ನೂ ಬೆಳಿಗ್ಗೆ ವಿಚಾರಿಸಿಕೊಂಡರಾಯಿತು.

ಗೆದ್ದಲು ಸದ್ದು ಮಾಡುವುದಿಲ್ಲ. ಒಳಕೋಣೆಯ ದಾರಂದಕ್ಕೆ, ಅಂದರೆ ಬಾಗಿಲಿನ ಚೌಕಟ್ಟಿಗೆ, ಪ್ರತಿ ಚೌತಿಗೆ ಮೊದಲು ಪೈಂಟು ಹೊಡೆಸುತ್ತಿದ್ದೆವು, ಹೊಳೆಯುತ್ತಿತ್ತು. ಒಂದು ದಿನ ಗುಡಿಸುವಾಗ ಪೊರಕೆಯ ಹಿಡಿ ತಾಗಿದ್ದೇ ತಡ, ಪೈಂಟಿನ ಸಿಪ್ಪೆ ಹಪ್ಪಳದಂತೆ ಒಡೆದು ಬೆರಳು ಒಳಗೆ ಹೋಯಿತು. ಒಳಗೆ ಮರವೇ ಇರಲಿಲ್ಲ, ಬರೀ ಮಣ್ಣು. ಮುರಕಲ್ಲಿನ ಗೋಡೆಯ ಸಂದುಗಳಲ್ಲಿ ಗೆದ್ದಲು ಹೊರಗೆ ಕಾಣದೆಯೇ ಮೇಲಕ್ಕೆ ಹತ್ತಬಲ್ಲದು. ಆದ್ದರಿಂದ ಎರಡು ತಿಂಗಳಿಗೊಮ್ಮೆ ದಾರಂದ, ಕಪಾಟಿನ ಹಿಂಬದಿ ಮತ್ತು ಪಕ್ಕಾಸಿನ ತುದಿ ಗೋಡೆಯೊಳಗೆ ಸೇರುವ ಜಾಗಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಕೇಳಿ. ಗಟ್ಟಿ ಮರದ ಸದ್ದಿಗೂ ಪೊಳ್ಳು ಮರದ ಸದ್ದಿಗೂ ಇರುವ ವ್ಯತ್ಯಾಸ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಗೋಡೆಯ ಮೇಲೆ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ದಾರಿ ಕಂಡರೆ ಅದನ್ನು ಒರೆಸಿ ಸುಮ್ಮನಾಗಬಾರದು, ಏಕೆಂದರೆ ಗೂಡು ನೆಲದೊಳಗಿರುತ್ತದೆ. ಗೋಡೆಯ ಬುಡದಲ್ಲಿ ರಂಧ್ರ ಕೊರೆದು ಮದ್ದು ಇಳಿಸುವ ಕೆಲಸವನ್ನು ಅನುಭವಸ್ಥರಿಂದಲೇ ಮಾಡಿಸಿ, ಬಾವಿ ಹತ್ತಿರವಿದ್ದರೆ ಅದನ್ನು ಅವರಿಗೆ ಮೊದಲೇ ತಿಳಿಸಿ. ಕೊಟ್ಟಿಗೆಯ ಮರಗಳಿಗೆ ನಾವು ಈಗಲೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೇ ಬಳಿಸುತ್ತೇವೆ. ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಕೈಗವಸು ಬೇಕೇ ಬೇಕು. ಸೌದೆ, ತೆಂಗಿನ ಗರಿ, ಹಳೆಯ ಹಂಚುಗಳನ್ನು ಗೋಡೆಗೆ ತಾಗಿಸಿ ರಾಶಿ ಹಾಕದಿದ್ದರೆ ಗೆದ್ದಲಿನ ಜೊತೆಗೆ ಕನ್ನಡಿ ಹಾವೂ ದೂರವಿರುತ್ತದೆ.

ಸಿಡಿಲಿನ ಕಾಲ ನಮ್ಮಲ್ಲಿ ಎರಡು: ಮಳೆಗಾಲಕ್ಕೆ ಮೊದಲಿನ ಏಪ್ರಿಲ್, ಮೇ ಮತ್ತು ಮಳೆಗಾಲ ಹಿಂದೆ ಸರಿಯುವ ಅಕ್ಟೋಬರ್, ನವೆಂಬರ್. ಮಧ್ಯಾಹ್ನದ ನಂತರ ಮೂಡಣದ ಘಟ್ಟದ ಕಡೆ ಕಪ್ಪಾದರೆ ಸಂಜೆಗೆ ಗುಡುಗು ಎಂದು ತಿಳಿಯಬಹುದು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಟಿವಿಯ ಕೇಬಲ್ಲನ್ನೂ ಬಿಚ್ಚಬೇಕು. ನಮ್ಮ ಮನೆಯಲ್ಲಿ ಪ್ಲಗ್ ಕಿತ್ತಿದ್ದ ಟಿವಿ ಸುಟ್ಟದ್ದು ಬಿಚ್ಚಲು ಮರೆತಿದ್ದ ಕೇಬಲ್ಲಿನ ದಾರಿಯಿಂದ.

ಅರ್ಥಿಂಗ್ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದಾಗ ಅರ್ಥಿಂಗ್ ಗುಂಡಿಯೂ ಒಣಗಿ, ಸೋರಿದ ವಿದ್ಯುತ್ತನ್ನು ಭೂಮಿಗೆ ಇಳಿಸುವ ಶಕ್ತಿ ಕುಂದುತ್ತದೆ. ಹಾಗಾಗಿ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಆ ಗುಂಡಿಗೆ ಒಂದು ಕೊಡ ನೀರು ಹೊಯ್ಯಿರಿ ಮತ್ತು ಎರಡು ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅಳೆಸಿ. ಹೆಚ್ಚು ವಿದ್ಯುತ್ ಹರಿದರೆ ತಾನೇ ಕಡಿತ ಮಾಡುವ ಎಂಸಿಬಿ ಸ್ವಿಚ್ ಇದೆಯಲ್ಲ ಎಂದು ಹಲವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಅದು ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯುವುದು ವಿದ್ಯುತ್ ಸೋರಿದೊಡನೆ ಕಡಿತ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿದಾಗ ವಿದ್ಯುತ್ ಕೂಡಲೇ ಕಡಿತವಾಗಬೇಕು, ಆಗದಿದ್ದರೆ ಆ ಸಾಧನ ಗೋಡೆಯ ಅಲಂಕಾರ ಮಾತ್ರ. ಮಳೆಗಾಲದಲ್ಲಿ ಅದು ಪದೇಪದೇ ಬಿದ್ದರೆ ಅಂಗಳದ ದೀಪದಲ್ಲೋ ಪಂಪಿನ ಸ್ವಿಚ್ಚಿನಲ್ಲೋ ತೇವ ಸೇರಿದೆ ಎಂದು ಅರ್ಥ. ಪರಿಚಯದ ಒಂದು ಮನೆಯಲ್ಲಿ ಕಿರಿಕಿರಿ ತಾಳಲಾರದೆ ಅದನ್ನೇ ತಪ್ಪಿಸಿ ನೇರ ಸಂಪರ್ಕ ಕೊಡಿಸಿಕೊಂಡಿದ್ದರು; ಅಲ್ಲಿಗೆ ಹೋದಾಗಲೆಲ್ಲ ನಾನು ಬಚ್ಚಲಿನ ಗೀಸರ್ ಮುಟ್ಟುತ್ತಿರಲಿಲ್ಲ.

ಅಲ್ಯೂಮಿನಿಯಂ ದೋಟಿ ಬಂದ ಮೇಲೆ ಇನ್ನೊಂದು ಭಯ ಸೇರಿಕೊಂಡಿದೆ. ಮಾವು, ತೆಂಗು, ಅಡಿಕೆಯನ್ನು ಕೀಳುವ ಭರದಲ್ಲಿ ಅದು ವಿದ್ಯುತ್ ತಂತಿಗೆ ತಾಗಿ ಜೀವ ಹೋದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ತಂತಿಯ ಹತ್ತಿರದ ಕೊಂಬೆಯನ್ನು ನೀವೇ ಕಡಿಯಲು ಹೋಗದೆ ನಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂನ 1912 ಸಂಖ್ಯೆಗೆ ಕರೆ ಮಾಡಿ ತಿಳಿಸಿ. ಗಾಳಿ ಮಳೆಯ ಮರುದಿನ ಬೆಳಿಗ್ಗೆ ಬಾಗಿಲು ತೆರೆದು ಅಂಗಳಕ್ಕೆ ಕಾಲಿಡುವ ಮೊದಲು ನಿಂತು ನೋಡುವ ಅಭ್ಯಾಸವನ್ನು ಮನೆಮಂದಿಗೆಲ್ಲ ಕಲಿಸಿ.

ಅಡುಗೆ ಅನಿಲದ ರಬ್ಬರ್ ಟ್ಯೂಬಿಗೆ ಐದು ವರ್ಷವೇ ಆಯಸ್ಸು, ಇಲಿ ಕಚ್ಚಿದರೆ ಅದೂ ಇಲ್ಲ. ಸಿಲಿಂಡರ್ ತಂದುಕೊಟ್ಟಾಗ ಹಿಡಿಯ ಬಳಿಯ ಪಟ್ಟಿಯಲ್ಲಿರುವ ಅಕ್ಷರವನ್ನು ಓದಿಕೊಳ್ಳಿ: ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್ ಕೊನೆ, ಪಕ್ಕದ ಅಂಕಿ ಮುಂದಿನ ಪರೀಕ್ಷೆಯ ವರ್ಷ. ಅವಧಿ ದಾಟಿದ್ದರೆ ಹಿಂದಕ್ಕೆ ಕೊಡಿ. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಡುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ, ದೇವರ ಕೋಣೆಯ ದೀಪ ಉರಿಯುತ್ತಿದ್ದರೆ ಮೊದಲು ಅದನ್ನು ನಂದಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಇನ್ನು ಕಳ್ಳನ ವಿಷಯ. ಮಕ್ಕಳು ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಇದ್ದು, ನಾವು ತಿಂಗಳುಗಟ್ಟಲೆ ಅಲ್ಲಿಗೆ ಹೋಗುವ ಮನೆಗಳು ಈ ಕಡೆ ಬಹಳ. ಎದುರು ಬಾಗಿಲಿಗೆ ತೇಗ, ಅಡುಗೆಮನೆಯ ಹಿಂಬಾಗಿಲಿಗೆ ಹಲಗೆ ಎಂಬಂತಿದ್ದರೆ ಬರುವವನು ಯಾವುದನ್ನು ಆರಿಸುತ್ತಾನೆಂದು ಹೇಳಬೇಕಾಗಿಲ್ಲ. ಹಂಚು ಸರಿಸಿ ಇಳಿಯುವುದೂ ಉಂಟು, ಆದ್ದರಿಂದ ಏಣಿ, ಪಿಕ್ಕಾಸು, ಕತ್ತಿಗಳನ್ನು ಹೊರಗೆ ಬಿಟ್ಟು ಹೋಗಬೇಡಿ. ಪತ್ರಿಕೆ ಮತ್ತು ಹಾಲನ್ನು ನಿಲ್ಲಿಸಿ, ಠಾಣೆಗೆ ತಿಳಿಸಿ, ಚಿನ್ನವನ್ನು ಬ್ಯಾಂಕಿನ ಲಾಕರಿನಲ್ಲಿಡಿ.

ವಿಮೆಯ ಮಾತನ್ನು ನಮ್ಮ ತಲೆಮಾರಿನವರು ಕಿವಿಗೆ ಹಾಕಿಕೊಂಡವರಲ್ಲ. 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತಗಳು ಅದರಲ್ಲಿ ಸೇರಿವೆ. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯನ್ನು ಮತ್ತೆ ಕಟ್ಟಲು ತಗಲುವ ವೆಚ್ಚ. ಜಾಗದ ಮಾರುಕಟ್ಟೆ ಬೆಲೆ ಸೇರುವುದಿಲ್ಲ, ಆದ್ದರಿಂದ ಕಂತು ನೀವು ಅಂದುಕೊಂಡಷ್ಟು ಇರುವುದಿಲ್ಲ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇಕಡ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನುಗಳಿಗೂ ರಕ್ಷಣೆ ಸಿಗುತ್ತದೆ. ಆದರೆ ಕಳವಿಗೆ ಪರಿಹಾರ ಸಿಗುವುದು ಇಂಥ ಅವಘಡವೊಂದು ನಡೆದು ಅದರಿಂದಾಗಿ ಏಳು ದಿನಗಳೊಳಗೆ ಕಳವಾದರೆ ಮಾತ್ರ. ಆಭರಣಕ್ಕೆ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಪ್ರತಿ ಕೋಣೆಯ ಫೋಟೊ ಮತ್ತು ಬಿಲ್ಲುಗಳ ಪ್ರತಿಯನ್ನು ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸಿಡಿ, ಏಕೆಂದರೆ ನೀರು ನುಗ್ಗಿದ ದಿನ ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಫೈಲೇ ಮೊದಲು ನೆನೆಯುತ್ತದೆ.

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಉದ್ದ ಬೈಂಡಿನ ಪುಸ್ತಕ ನೇತಾಡುತ್ತಿದೆ. ಟ್ಯೂಬ್ ಬದಲಿಸಿದ ದಿನ, ಅರ್ಥಿಂಗ್ ಅಳೆಸಿದ ದಿನ, ಗೆದ್ದಲಿಗೆ ಮದ್ದು ಹಾಕಿಸಿದ ದಿನ, ಮೇಸ್ತ್ರಿಯ ಮತ್ತು ಎಲೆಕ್ಟ್ರಿಷಿಯನ್‌ರ ಫೋನ್ ನಂಬರ್ ಎಲ್ಲವೂ ಅದರಲ್ಲಿವೆ. ಮೊದಲ ಪುಟದಲ್ಲಿ ಮೇನ್ ಸ್ವಿಚ್ ಮತ್ತು ಟಾಂಕಿಯ ವಾಲ್ವ್ ಎಲ್ಲಿವೆ ಎಂದು ಚಿತ್ರ ಬರೆದಿದ್ದೇನೆ. ಅದೇ ಪುಟದ ಇನ್ನೊಂದು ಪ್ರತಿ ಪಕ್ಕದ ಮನೆಯವರ ಬಳಿ, ನಮ್ಮ ಮನೆಯ ಬೀಗದ ಕೈ ಜೊತೆಗಿದೆ.