ಪಿಯರ್ ಬುಲೆಜ್ ಸಂಗೀತ ಕೇಳಲು ಎಲ್ಲಿಂದ ಶುರು ಮಾಡಬೇಕು?

ಪಿಯರ್ ಬುಲೆಜ್ ಫ್ರಾನ್ಸಿನ ಸಂಗೀತ ರಚನಕಾರ, ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕೂಡ ಆಗಿದ್ದವರು. ಆರ್ಕೆಸ್ಟ್ರಾ ಸಂಗೀತ ಇಷ್ಟಪಡುವವರು ಕೂಡ ಬುಲೆಜ್ ಅಂದರೆ ಸ್ವಲ್ಪ ಹಿಂದೆ ಸರಿಯುತ್ತಾರೆ. ನಾನೂ ಸರಿದಿದ್ದೆ. ಮೊದಲ ಸಲ ಅವರ ಎರಡನೇ ಪಿಯಾನೋ ಸೊನಾಟಾ ಹಾಕಿಕೊಂಡು ಕೂತೆ. ಅರ್ಧ ಗಂಟೆಯ ಕೃತಿ ಅದು, ಹತ್ತೇ ನಿಮಿಷಕ್ಕೆ ತಲೆ ಭಾರವಾಗಿ ನಿಲ್ಲಿಸಿಬಿಟ್ಟೆ. ಎಲ್ಲಕ್ಕಿಂತ ಕಡಿದಾದ ದಾರಿಯನ್ನೇ ಹಿಡಿದಿದ್ದೆ ಅಂತ ಆಮೇಲೆ ಗೊತ್ತಾಯಿತು. ನೀವು ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲು ಅವರು ಕಂಡಕ್ಟರ್ ಆಗಿ ನಡೆಸಿದ ಬೇರೆಯವರ ಸಂಗೀತ ಕೇಳಿ. ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜೊತೆ 1969ರಲ್ಲಿ ರೆಕಾರ್ಡ್ ಮಾಡಿದ, ರಷ್ಯನ್ ರಚನಕಾರ ಸ್ಟ್ರಾವಿನ್‌ಸ್ಕಿಯ 'ರೈಟ್ ಆಫ್ ಸ್ಪ್ರಿಂಗ್' ಒಳ್ಳೆಯ ಶುರು. ಪೀಠಿಕೆ ಮುಗಿದ ಮೇಲೆ ತಂತಿವಾದ್ಯಗಳು ಒಂದೇ ಕಾರ್ಡನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕುಟ್ಟುತ್ತಾ ಹೋಗುತ್ತವೆ, ನಡುನಡುವೆ ಎಂಟು ಹಾರ್ನ್‌ಗಳು ಊಹಿಸದ ಜಾಗದಲ್ಲಿ ಒತ್ತು ಕೊಡುತ್ತವೆ. ಅಷ್ಟು ಗದ್ದಲದಲ್ಲೂ ಪ್ರತಿ ವಾದ್ಯ ಬಿಡಿಬಿಡಿಯಾಗಿ ಕೇಳಿಸುತ್ತದೆ, ಅಲ್ವಾ? ಇದೇ ಬುಲೆಜ್ ಕಿವಿ. ಅವರ ವಿಡಿಯೋ ಸಿಕ್ಕರೆ ಕೈಗಳನ್ನು ನೋಡಿ. ಕಂಡಕ್ಟರ್ ಹಿಡಿಯುವ ಕೋಲು, ಬ್ಯಾಟನ್ ಇಲ್ಲ, ಹಾರಾಟ ಇಲ್ಲ, ಬರಿಗೈಯಲ್ಲೇ ಎಲ್ಲ.

ಆಮೇಲೆ ಅವರು ನಡೆಸಿದ, ಆಸ್ಟ್ರಿಯಾದ ರಚನಕಾರ ವೆಬರ್ನ್ ಅವರ ಐದು ತುಣುಕುಗಳ ಓಪಸ್ 10 (ಅಂದರೆ ಕೃತಿ ಸಂಖ್ಯೆ 10). ನಾಲ್ಕನೆಯ ತುಣುಕು ಸುಮಾರು ಅರ್ಧ ನಿಮಿಷ ಅಷ್ಟೇ. ಮೂರು ಸಲ ಕೇಳಿ. ಇಂಥ ಸಂಗೀತಕ್ಕೆ ಜಾಗ ಮಾಡಿಕೊಡುವುದಕ್ಕೆ ಬುಲೆಜ್ ಜೀವನವಿಡೀ ದುಡಿದರು: 1954ರಲ್ಲಿ ಪ್ಯಾರಿಸ್‌ನಲ್ಲಿ ಹೊಸ ಸಂಗೀತದ ಕಛೇರಿ ಸರಣಿ ಶುರು ಮಾಡಿದರು, 1976ರಲ್ಲಿ ಅದಕ್ಕೆಂದೇ 'ಆಂಸಾಂಬ್ಲ್ ಎಂತೆರ್‌ಕೊಂತೆಂಪೊರೆನ್' ಎಂಬ ತಂಡ ಕಟ್ಟಿದರು, ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನಲ್ಲಿದ್ದಾಗ 1973ರಲ್ಲಿ ಸಭಾಂಗಣದ ಕುರ್ಚಿಗಳನ್ನೇ ತೆಗೆಸಿ ಕೇಳುಗರನ್ನು ಕಂಬಳಿ, ದಿಂಬುಗಳ ಮೇಲೆ ಕೂರಿಸಿದರು. ಹೊಸ ಸಂಗೀತ ಜನಕ್ಕೆ ಅರ್ಥವಾಗುವುದಿಲ್ಲ ಅಂತ ಕೈತೊಳೆದುಕೊಳ್ಳುವುದು ಸುಲಭ. ಅವರು ಹಾಗೆ ಮಾಡಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ.

ಈಗ ಅವರದೇ ಸಂಗೀತ. 'ನೊಟಾಸಿಯೊಂ' ಹಾಕಿ. 1945ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ ಪಿಯಾನೋಗೆ ಬರೆದ 12 ಪುಟ್ಟ ತುಣುಕುಗಳು, ಒಂದೊಂದರಲ್ಲೂ 12 ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ). ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಎರಡನೆಯದನ್ನು ಗಮನವಿಟ್ಟು ಕೇಳಿ, ಕೀಲಿಗಳನ್ನು ಗುದ್ದಿದ ಹಾಗೆ ಶುರುವಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಬುಲೆಜ್ ಇದೇ ತುಣುಕನ್ನು ದೊಡ್ಡ ಆರ್ಕೆಸ್ಟ್ರಾಗೆ ಹಿಗ್ಗಿಸಿ ಬರೆದರು. ಪಿಯಾನೋ ಕೇಳಿದ ಕೂಡಲೇ ಅದನ್ನು ಹಾಕಿ. ಬೀಜ ನೋಡಿದ ಕೈಯಲ್ಲೇ ಮರ ನೋಡಿದ ಹಾಗಿರುತ್ತದೆ. ಸಮಯ ಕಡಿಮೆ ಇದ್ದರೆ ಬೇರೆಲ್ಲ ಬಿಡಿ, ಇದೊಂದನ್ನು ಮಾಡಿ.

ಕೇಳುವಾಗ ತಾಳ ಹಾಕಲು ಹೋಗಬೇಡಿ, ಗುನುಗುವ ರಾಗ ಹುಡುಕಬೇಡಿ. ಸದ್ದು ಹೇಗೆ ಹುಟ್ಟುತ್ತದೆ, ಹೇಗೆ ಆರುತ್ತದೆ ಅನ್ನುವುದರ ಹಿಂದೆ ಹೋಗಿ. ಇದಕ್ಕೆ 1998ರ 'ಸ್ಯುರ್ ಎನ್ಸೀಸ್' ತುಂಬಾ ಚೆನ್ನಾಗಿದೆ. ಮೂರು ಪಿಯಾನೋ, ಮೂರು ಹಾರ್ಪ್ (ಬೆರಳಿನಿಂದ ಮೀಟುವ ದೊಡ್ಡ ತಂತಿವಾದ್ಯ), ಮೂವರು ತಾಳವಾದ್ಯದವರು. ಪಿಯಾನೋ, ಹಾರ್ಪ್ ಎರಡರಲ್ಲೂ ಒಮ್ಮೆ ಸ್ವರ ನುಡಿಸಿದ ಮೇಲೆ ಅದನ್ನು ಹಿಗ್ಗಿಸಲಾಗುವುದಿಲ್ಲ, ಸಾಯುವುದನ್ನು ಕೇಳಬೇಕು ಅಷ್ಟೇ. ಮೊದಲ ಕೆಲವು ನಿಮಿಷ ಹೆಡ್‌ಫೋನ್ ಹಾಕಿಕೊಂಡು ಸುಮ್ನೆ ಕೂತು ಪ್ರತಿ ಸ್ವರದ ಬಾಲ ಹಿಡಿಯಿರಿ.

'ರೆಪೊಂ' ಕೃತಿಯನ್ನು ಮಾತ್ರ ರೆಕಾರ್ಡಿಂಗ್‌ನಲ್ಲಿ ಶುರು ಮಾಡಬೇಡಿ. ಅದರಲ್ಲಿ 24 ವಾದಕರು ನಡುವೆ ಕೂರುತ್ತಾರೆ, ಆರು ಏಕವಾದಕರು ಕೇಳುಗರ ಸುತ್ತ ಇರುತ್ತಾರೆ, ಎಲೆಕ್ಟ್ರಾನಿಕ್ ಸದ್ದು ಹಾಲ್ ತುಂಬಾ ಓಡಾಡುತ್ತದೆ. ಎರಡು ಸ್ಪೀಕರ್‌ಗೆ ಅದು ಹಿಡಿಸುವುದಿಲ್ಲ.

ಕೊನೆಗೆ 1955ರಲ್ಲಿ ಮೊದಲು ನುಡಿಸಿದ 'ಲೆ ಮಾರ್ತೋ ಸಾಂ ಮೆತ್ರ್', ಅಂದರೆ ಒಡೆಯನಿಲ್ಲದ ಸುತ್ತಿಗೆ. ಫ್ರೆಂಚ್ ಕವಿ ರೆನೆ ಶಾರ್ ಕವಿತೆಗಳು, ಒಂದು ಆಲ್ಟೋ ದನಿ (ಹೆಣ್ಣಿನ ತಗ್ಗು ದನಿ), ಆರು ವಾದಕರು. ಒಂಬತ್ತು ಭಾಗಗಳಿವೆ, ನೀವು ನೇರ ಮೂರನೆಯದಕ್ಕೆ ಹೋಗಿ. ಅಲ್ಲಿ ಹಾಡುವ ದನಿ ಮತ್ತು ಆಲ್ಟೋ ಕೊಳಲು ಎರಡೇ. ದನಿಗೆ ಕೊಳಲಿನ ಜೊತೆ ನಂಟು ಉಸಿರಿನದು. ಕೊಳಲು, ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ತಂತಿವಾದ್ಯ) ಎರಡೂ ಒಂದು ಸಲಕ್ಕೆ ಒಂದೇ ಸ್ವರದ ಎಳೆಯಲ್ಲಿ ಹಾಡುತ್ತವೆ. ವಯೋಲಾ ತಂತಿಯನ್ನು ಮೀಟಿದರೆ ಗಿಟಾರ್‌ಗೆ ಹತ್ತಿರ, ಗಿಟಾರ್‌ನ ಅನುರಣನ ವೈಬ್ರಾಫೋನ್‌ಗೆ (ಲೋಹದ ಪಟ್ಟಿಗಳ ವಾದ್ಯ) ಹತ್ತಿರ, ವೈಬ್ರಾಫೋನ್ ಬಡಿಯುವ ವಾದ್ಯವಾದ್ದರಿಂದ ಕ್ಸೈಲೊರಿಂಬಾಗೆ (ಮರದ ಪಟ್ಟಿಗಳ ವಾದ್ಯ) ಹತ್ತಿರ. ಈ ಕೊಂಡಿಗಳು ಕಿವಿಗೆ ಸಿಕ್ಕ ದಿನ ಇಡೀ ಕೃತಿಯನ್ನು ಮೊದಲಿಂದ ಹಾಕಿ. ಒಂಬತ್ತನೆಯ ಭಾಗದಲ್ಲಿ ಗಾಯಕಿ ಪದಗಳನ್ನು ಬಿಟ್ಟು ಬಾಯಿ ಮುಚ್ಚಿ ಗುನುಗುತ್ತಾಳೆ, ವಾದ್ಯಗಳ ನಡುವೆ ಅವಳೂ ಒಂದು ವಾದ್ಯವಾಗುತ್ತಾಳೆ, ಮತ್ತೆ ಕೊಳಲು ಮುಂದೆ ಬರುತ್ತದೆ, ಹಿಂದೆ ಗಾಂಗ್ (ದೊಡ್ಡ ಜಾಗಟೆ) ಮೊಳಗುತ್ತದೆ.